ಹೃದಯಸ್ತಂಭನವೂ ನಮ್ಮ ಪಾಠಶಾಲೆಗಳೂ

ಬೆಂಗಳೂರಿನ ಪಶ್ಚಿಮಕ್ಕೆ ಮಾಗಡಿ ರಸ್ತೆಯ ಮೇಲೆ ಸುಂಕದಕಟ್ಟೆ ಎಂಬ ಬಡಾವಣೆಯಿದೆ. ಇಕ್ಕಟ್ಟಾದ ಅಡ್ಡರಸ್ತೆಗಳು, ಸಣ್ಣಪುಟ್ಟ ಕಾರ್ಖಾನೆಗಳು, ಅವುಗಳ ನಡುವೆ ಎರಡು ಮೂರು ಅಂತಸ್ತಿನ ಶಾಲೆಗಳು. ಬೆಳಗ್ಗೆ ಶಾಲೆ ಸೇರುವ ಹೊತ್ತಿಗೆ ಹೆದ್ದಾರಿಯು ಬಸ್ಸು, ಲಾರಿ, ಆಟೋಗಳಿಂದ ಕಿಕ್ಕಿರಿದಿರುತ್ತದೆ. ಅಲ್ಲಿಂದ ಜಯನಗರದ ಬಳಿಯ ಜಯದೇವ ಹೃದ್ರೋಗ ಸಂಸ್ಥೆಗೆ ನೇರ ಗೆರೆ ಎಳೆದರೂ 12 ಕಿಲೋಮೀಟರಿಗೆ ಕಡಿಮೆಯಿಲ್ಲ. ರಸ್ತೆಯ ಹಾದಿ ಇನ್ನೂ ದೂರ. ಪ್ರಾರ್ಥನೆಗೆ ಸಾಲಾಗಿ ನಿಂತ ಮಕ್ಕಳಲ್ಲಿ ಒಬ್ಬನು ಹಠಾತ್ತನೆ ಕುಸಿದುಬಿದ್ದನೆನ್ನಿ. ಅವನ ಹೃದಯವು ನಿಂತಿದೆಯೆನ್ನಿ. ಈ ದೂರವನ್ನು ಕ್ರಮಿಸಲು ಬೇಕಾದ ಕಾಲವೆಷ್ಟು? ಆ ಬಾಲಕನಿಗೆ ಉಳಿದಿರುವ ಕಾಲವೆಷ್ಟು? ಈ ಎರಡರ ಲೆಕ್ಕವನ್ನು ಹಾಕಿನೋಡುವುದೇ ಈ ಲೇಖನದ ಉದ್ದೇಶ.

ಇದು ಬರಿಯ ಕಲ್ಪನೆಯಲ್ಲ. 2025ರ ಜನವರಿಯಲ್ಲಿ ಚಾಮರಾಜನಗರದ ಶಾಲೆಯೊಂದರಲ್ಲಿ ಪುಟ್ಟ ಬಾಲಿಕೆಯೊಬ್ಬಳು ಕುಸಿದುಬಿದ್ದು ಅಸುನೀಗಿದಳು. ಅದೇ ವರ್ಷ ಹಾಸನ ಜಿಲ್ಲೆಯಿಂದ ಹಠಾತ್ ಮರಣಗಳ ಸುದ್ದಿಗಳು ಒಂದರ ಮೇಲೊಂದು ಬಂದಾಗ, ಸರಕಾರವು ಜಯದೇವ ಸಂಸ್ಥೆಯ ಅಂದಿನ ನಿರ್ದೇಶಕರಾಗಿದ್ದ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿಯನ್ನು ನೇಮಿಸಬೇಕಾಯಿತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ತೀರಿಕೊಂಡುದನ್ನು ಕನ್ನಡಿಗರಾರೂ ಮರೆತಿಲ್ಲ. ಅವರ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯು ಹೃದಯಾಘಾತದ ರೋಗಿಗಳಿಗೆ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಮೊದಲ ಚಿಕಿತ್ಸೆ ದೊರೆಯುವಂತೆ ಮಾಡಹೊರಟಿತು. ಮಕ್ಕಳಲ್ಲಿ ಹೃದಯಸ್ತಂಭನವು ಅಪರೂಪವೆಂಬುದು ನಿಜ. ಆದರೆ ಅಪರೂಪವಾದ ಬೆಂಕಿಗಾಗಿ ನಾವು ಶಾಲೆಯಲ್ಲಿ ಮರಳಿನ ಬಕೆಟ್ಟುಗಳನ್ನು ತೂಗುಹಾಕುವುದಿಲ್ಲವೆ?

ಕೊಳಾಯಿಯ ತೊಂದರೆ, ತಂತಿಯ ತೊಂದರೆ

ನಾವು ಭೌತವಿಜ್ಞಾನದ ಅಧ್ಯಾಪಕರೇ ಹೊರತು ವೈದ್ಯರಲ್ಲ. ಆದರೂ ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವುಂಟು. ಹೃದಯಸ್ತಂಭನವು ಬಹುಮಟ್ಟಿಗೆ ವಿದ್ಯುತ್ತಿನ ತೊಂದರೆ.

ಹೃದಯಾಘಾತ, ಹೃದಯಸ್ತಂಭನ ಇವೆರಡನ್ನೂ ಜನರು ಒಂದೇ ಎಂದು ಭಾವಿಸುತ್ತಾರೆ. ಮನೆಯ ನೀರಿನ ಪಂಪನ್ನು ನೆನೆಯಿರಿ. ಕೊಳಾಯಿಯಲ್ಲಿ ಕಸ ಕಟ್ಟಿ ನೀರು ನಿಂತರೆ ಅದು ಒಂದು ಬಗೆ. ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ನಾಳವು ಮುಚ್ಚಿಹೋಗುವ ಹೃದಯಾಘಾತವು ಇಂಥದು. ಕೊಳಾಯಿ ಸರಿಯಿದ್ದು ಮೋಟಾರಿನ ವಿದ್ಯುತ್ತೇ ಕೆಟ್ಟರೆ ಅದು ಇನ್ನೊಂದು ಬಗೆ. ಹೃದಯಸ್ತಂಭನವು ಹೆಚ್ಚಾಗಿ ಈ ಎರಡನೆಯದು. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು. ಆದರೆ ಮಕ್ಕಳಲ್ಲಿ ಕಾರಣಗಳು ಸಾಮಾನ್ಯವಾಗಿ ಬೇರೆ. ಹುಟ್ಟಿನಿಂದ ಬಂದ ಸ್ನಾಯುವಿನ ದಪ್ಪವಾಗುವಿಕೆ, ವಿದ್ಯುತ್ ಲಯದ ದೋಷ, ನೀರಿನಲ್ಲಿ ಮುಳುಗಿ ಉಸಿರು ಕಟ್ಟುವುದು ಮುಂತಾದುವು.

ಹೃದಯದ ಬಲಗಡೆಯ ಮೇಲಿನ ಕೋಣೆಯಲ್ಲಿ ಒಂದು ಪುಟ್ಟ ಜೀವಕೋಶಗಳ ಗುಂಪಿದೆ. ಅದು ನಿಮಿಷಕ್ಕೆ ಸುಮಾರು 70 ಸಲ ವಿದ್ಯುತ್ ಸಂಕೇತವನ್ನು ಹೊರಡಿಸುತ್ತದೆ. ಮಕ್ಕಳಲ್ಲಿ ಇನ್ನೂ ಹೆಚ್ಚು. ಆ ಸಂಕೇತವು ಕ್ರಮವಾಗಿ ಹರಡಿದಾಗ ಸ್ನಾಯುವೆಲ್ಲ ಒಟ್ಟಾಗಿ ಕುಗ್ಗಿ ರಕ್ತವನ್ನು ಹೊರದೂಡುತ್ತದೆ. ಈ ಕ್ರಮವು ಕೆಟ್ಟರೆ ಸ್ನಾಯುವಿನ ಒಂದೊಂದು ಭಾಗವೂ ತನ್ನಿಷ್ಟದಂತೆ ನಡುಗತೊಡಗುತ್ತದೆ. ಮೇಳದವರು ತಾಳ ತಪ್ಪಿ ಒಬ್ಬೊಬ್ಬರು ಒಂದೊಂದು ಬಾರಿಸಿದಂತೆ, ಗದ್ದಲವಿದೆ, ಕೆಲಸವಿಲ್ಲ. ರಕ್ತವು ಹರಿಯುವುದಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ.

ಆರೋಗ್ಯವಂತನಾದ ಬಾಲಕನಿಗೂ ಇದು ಆಗಬಹುದೆಂಬುದಕ್ಕೆ ಆಟದ ಮೈದಾನವೇ ಸಾಕ್ಷಿ. ಕ್ರಿಕೆಟ್ ಚೆಂಡು ಎದೆಗೆ, ಸರಿಯಾಗಿ ಹೃದಯದ ಮೇಲೆ, ಬಡಿಯಿತೆನ್ನಿ. ಪ್ರತಿ ಬಡಿತದಲ್ಲಿಯೂ ಸ್ನಾಯುವು ಮುಂದಿನ ಸಂಕೇತಕ್ಕೆ ಅಣಿಯಾಗುವ ಒಂದು ಕ್ಷಣವುಂಟು. ಸೆಕೆಂಡಿನ ನೂರನೆಯ ಒಂದೆರಡು ಭಾಗಗಳಷ್ಟು ಮಾತ್ರ. ಹೊಡೆತವು ಆ ಕ್ಷಣಕ್ಕೇ ಬಿದ್ದರೆ, ಎಲುಬು ಮುರಿಯದಿದ್ದರೂ, ಲಯವು ಒಡೆದುಹೋಗುತ್ತದೆ.

ನಿಮಿಷಗಳ ಲೆಕ್ಕ

ಕ್ರಮಗೆಟ್ಟ ಹೃದಯಕ್ಕೆ ಯಾವ ನೆರವೂ ಸಿಕ್ಕದಿದ್ದರೆ, ಬದುಕುವ ಸಂಭವವು ಒಂದೊಂದು ನಿಮಿಷಕ್ಕೂ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತದೆ. ನಾಲ್ಕೈದು ನಿಮಿಷಗಳಲ್ಲಿ ಮಿದುಳಿಗೆ ಹಾನಿ ಆರಂಭವಾಗುತ್ತದೆ. ಹತ್ತು ನಿಮಿಷಗಳಲ್ಲಿ ಆಸೆಯು ಬಹುತೇಕ ಮುಗಿಯುತ್ತದೆ. 108ರ ವಾಹನವು ಎಷ್ಟೇ ಚುರುಕಾಗಿ ಹೊರಟರೂ ಸಂದಣಿಯನ್ನು ದಾಟಿ, ಅಡ್ಡರಸ್ತೆಯನ್ನು ಹುಡುಕಿ, ಮೂರನೆಯ ಅಂತಸ್ತನ್ನು ಏರಬೇಕಲ್ಲವೆ? ಆದುದರಿಂದ ಮೊದಲ ಐದು ನಿಮಿಷಗಳು ವೈದ್ಯರಿಗೆ ಸೇರಿದವಲ್ಲ. ಅವು ಆ ಹೊತ್ತಿಗೆ ಅಲ್ಲಿದ್ದವರಿಗೆ, ಎಂದರೆ ಉಪಾಧ್ಯಾಯರಿಗೆ, ಆಯಾ ಅಮ್ಮನಿಗೆ, ಹಿರಿಯ ವಿದ್ಯಾರ್ಥಿಗಳಿಗೆ ಸೇರಿದವು.

ಎದೆಯನ್ನು ಒತ್ತುತ್ತಿದ್ದರೆ ಆ ಇಳಿಕೆಯು ನೂರಕ್ಕೆ ಮೂರು ನಾಲ್ಕಕ್ಕೆ ಇಳಿಯುತ್ತದೆ. ಈ ಉಪಾಯವು ಹೊರಬಂದ ಕಥೆಯು ಸ್ವಾರಸ್ಯವಾದುದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಕೌವೆನ್‌ಹೋವೆನ್ ಎಂಬ ವಿದ್ಯುತ್ ಎಂಜಿನಿಯರರ ಬಳಗವು ನಾಯಿಗಳ ಎದೆಯ ಮೇಲೆ ಭಾರವಾದ ವಿದ್ಯುದ್ವಾರಗಳನ್ನಿಟ್ಟು ಪ್ರಯೋಗ ನಡೆಸುತ್ತಿತ್ತು. ವಿದ್ಯುತ್ತನ್ನು ಹರಿಸುವ ಮೊದಲೇ, ಬರಿಯ ಒತ್ತುವಿಕೆಯಿಂದ ರಕ್ತದೊತ್ತಡವು ಏರಿದುದನ್ನು ಅವರು ಕಂಡರು. ಕೌವೆನ್‌ಹೋವೆನ್, ಜೂಡ್, ನಿಕರ್ಬಾಕರ್ ಈ ಮೂವರು 1960ರಲ್ಲಿ ಇದನ್ನು ಪ್ರಕಟಿಸಿದರು. ಚೆನ್ನಾಗಿ ಒತ್ತಿದರೆ ಸಹಜ ರಕ್ತಪ್ರವಾಹದ ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟಾದರೂ ದೊರೆಯುತ್ತದೆ.

ಒತ್ತುವ ವಿಧಾನವಿಷ್ಟು. ಬಿದ್ದವನನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವಿನ ಎಲುಬಿನ ಕೆಳಭಾಗದ ಮೇಲೆ ಅಂಗೈಯ ಬುಡವನ್ನಿಟ್ಟು, ಇನ್ನೊಂದು ಕೈಯನ್ನು ಅದರ ಮೇಲಿರಿಸಿ, ತೋಳುಗಳನ್ನು ನೇರವಾಗಿಟ್ಟು ಒತ್ತಬೇಕು. ವೇಗವು ನಿಮಿಷಕ್ಕೆ 100ರಿಂದ 120. ಆಳವು ದೊಡ್ಡವರಲ್ಲಿ 5ರಿಂದ 6 ಸೆಂಟಿಮೀಟರು, ಮಕ್ಕಳಲ್ಲಿ ಎದೆಯ ದಪ್ಪದ ಮೂರನೆಯ ಒಂದು ಭಾಗ. ದೊಡ್ಡವರ ಎದೆಗೆ ಸುಮಾರು 40ರಿಂದ 50 ಕಿಲೋಗ್ರಾಂ ತೂಕದಷ್ಟು ಬಲ ಬೇಕು. ಆದುದರಿಂದ ತೋಳಿನ ಶಕ್ತಿಗಿಂತ ದೇಹದ ಭಾರವನ್ನೇ ಬಳಸಬೇಕು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು. ತರಬೇತಿ ಪಡೆದವರು 30 ಒತ್ತುಗಳಿಗೆ ಎರಡು ಸಲ ಬಾಯಿಂದ ಉಸಿರೂದುವರು. ಮಕ್ಕಳ ವಿಷಯದಲ್ಲಿ ಇದು ಮುಖ್ಯ. ತರಬೇತಿಯಿಲ್ಲದವರು ಒತ್ತುವುದನ್ನಾದರೂ ನಿಲ್ಲಿಸಬಾರದು.

ಇಲ್ಲಿ ಒಂದು ಎಚ್ಚರಿಕೆ. ಬಿದ್ದವನು ಆಗೊಮ್ಮೆ ಈಗೊಮ್ಮೆ ಗೊರಗುಟ್ಟುತ್ತ ಬಾಯಿ ತೆರೆದಂತೆ ಕಾಣಬಹುದು; ಕೈಕಾಲು ಅದುರಬಹುದು. ಇದನ್ನು ಉಸಿರೆಂದೋ ಮೂರ್ಛೆರೋಗವೆಂದೋ ತಿಳಿದು, ಕೈಗೆ ಬೀಗದಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಬಾಯಿಗೆ ನೀರು ಹೊಯ್ಯುವುದು ನಮ್ಮಲ್ಲಿ ರೂಢಿ. ಈ ಉಪಚಾರಗಳಲ್ಲಿಯೇ ಅಮೂಲ್ಯ ನಿಮಿಷಗಳು ಕಳೆದುಹೋಗುತ್ತವೆ. ಕರೆದರೆ ಓಗೊಡುವುದಿಲ್ಲ, ಸಹಜವಾಗಿ ಉಸಿರಾಡುತ್ತಿಲ್ಲ—ಈ ಎರಡು ಗುರುತುಗಳು ಸಾಕು. ಕೂಡಲೇ ಒತ್ತಲು ತೊಡಗಬೇಕು.

ಪೆಟ್ಟಿಗೆಯೊಳಗಿನ ವಿದ್ಯುತ್ತು

ಒತ್ತುವುದರಿಂದ ಕಾಲವು ದೊರೆಯುತ್ತದೆ. ಲಯವು ಮರಳುವುದು ಬಹುಮಟ್ಟಿಗೆ ವಿದ್ಯುದಾಘಾತದಿಂದ. ಎ.ಇ.ಡಿ. ಎಂದು ಕರೆಯುವ ಯಂತ್ರವು ಊಟದ ಡಬ್ಬಿಗಿಂತ ತುಸು ದೊಡ್ಡದು. ಅದರಲ್ಲಿ ಕೆಪ್ಯಾಸಿಟರ್ ಎಂಬ ವಿದ್ಯುತ್ ಸಂಗ್ರಾಹಕವುಂಟು. ಅದರ ಧಾರಣಶಕ್ತಿ 100 ಮೈಕ್ರೋಫ್ಯಾರಡ್, ಒತ್ತಡ 2,000 ವೋಲ್ಟು ಎಂದಿಟ್ಟುಕೊಂಡರೆ, ಕಾಲೇಜಿನಲ್ಲಿ ಕಲಿತ ಸೂತ್ರದಂತೆ 200 ಜೂಲ್ ಶಕ್ತಿಯಾಗುತ್ತದೆ. ಇದು 20 ಕಿಲೋಗ್ರಾಂ ಅಕ್ಕಿಯ ಮೂಟೆಯನ್ನು ಒಂದು ಮೀಟರು ಎತ್ತುವ ಶಕ್ತಿಯಷ್ಟೇ. ಆದರೆ ಅದು ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಹರಿದುಹೋಗುವುದರಿಂದ ಎದೆಯ ಸ್ನಾಯುವೆಲ್ಲ ಒಮ್ಮೆಗೇ ಸ್ತಬ್ಧವಾಗುತ್ತದೆ. ಗದ್ದಲ ನಿಂತ ಮೇಲೆ ಮೇಳದ ಮುಖ್ಯಸ್ಥನು ಮತ್ತೆ ತಾಳ ಹಾಕಲು ಎಡೆಯಾಗುತ್ತದೆ.

ಯಂತ್ರವು ಹೃದಯದ ಲಯವನ್ನು ತಾನೇ ಅಳೆದು, ಅಗತ್ಯವಿದ್ದರೆ ಮಾತ್ರ ಆಘಾತವನ್ನು ನೀಡುತ್ತದೆ. ಏನು ಮಾಡಬೇಕೆಂದು ಧ್ವನಿಯಲ್ಲಿ ಹೇಳುತ್ತದೆ. ಎದೆ ಒದ್ದೆಯಿದ್ದರೆ ಒರೆಸಬೇಕು. ಆಘಾತದ ಕ್ಷಣದಲ್ಲಿ ಯಾರೂ ಮುಟ್ಟಬಾರದು. 8 ವರ್ಷದೊಳಗಿನ ಮಕ್ಕಳಿಗೆ ಬೇರೆ ಪಟ್ಟಿಗಳಿವೆ. ಅವು ಇಲ್ಲದಿದ್ದರೆ ದೊಡ್ಡವರ ಪಟ್ಟಿಗಳಲ್ಲಿ ಒಂದನ್ನು ಎದೆಗೂ ಇನ್ನೊಂದನ್ನು ಬೆನ್ನಿಗೂ ಅಂಟಿಸಬಹುದು. ಬ್ಯಾಟರಿಗೂ ಪಟ್ಟಿಗಳಿಗೂ ಅವಧಿಯುಂಟು. ತಿಂಗಳಿಗೊಮ್ಮೆ ನೋಡುವವರೊಬ್ಬರು ಬೇಕು.

ಗಡಿಯಾರದ ಪರೀಕ್ಷೆ

ಕೆಲವು ತಿಂಗಳ ಹಿಂದೆ ಶಾಲೆಯೊಂದರ ಉಪಾಧ್ಯಾಯರೊಡನೆ ನಾವು ಚಿಕ್ಕ ಪ್ರಯೋಗವನ್ನು ನಡೆಸಿದೆವು. ಮೂರನೆಯ ಅಂತಸ್ತಿನಲ್ಲಿ ಒಂದು ದಿಂಬನ್ನಿರಿಸಿ, ಅದೇ ಬಿದ್ದ ಬಾಲಕನೆಂದು ಭಾವಿಸಿ ಸ್ಟಾಪ್‌ವಾಚ್ ಒತ್ತಿದೆವು. ಯಂತ್ರವಿನ್ನೂ ಆ ಶಾಲೆಯಲ್ಲಿರಲಿಲ್ಲ; ಅದರ ಬದಲು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ತರಬೇಕೆಂದು ನಿಯಮ. ಓಡಿದ ಹುಡುಗನು 50 ಸೆಕೆಂಡಿನಲ್ಲಿ ಕಚೇರಿಯನ್ನು ತಲಪಿದನು. ಆದರೆ ಕಪಾಟಿಗೆ ಬೀಗ. ಬೀಗದಕೈ ಗುಮಾಸ್ತರ ಬಳಿ. ಗುಮಾಸ್ತರು ಬ್ಯಾಂಕಿಗೆ ಹೋಗಿದ್ದರು. ಇನ್ನೊಂದು ಕೈಯನ್ನು ಹುಡುಕಿ ಪೆಟ್ಟಿಗೆಯು ಮೇಲೆ ಬರುವಾಗ 6 ನಿಮಿಷ 40 ಸೆಕೆಂಡು. ಮೊದಲು ಎಲ್ಲರೂ ನಕ್ಕರು. ಅಂಕಿಯನ್ನು ಹಲಗೆಯ ಮೇಲೆ ಬರೆದಾಗ ಯಾರೂ ನಗಲಿಲ್ಲ.

ಎರಡು ವಾರಗಳ ಅನಂತರ ಪೆಟ್ಟಿಗೆಯು ಮಹಡಿ ಮೆಟ್ಟಿಲ ಬಳಿ, ಬೀಗವಿಲ್ಲದೆ, ತೂಗುತ್ತಿತ್ತು. ಒತ್ತುವವರು ಯಾರು, 108ಕ್ಕೆ ಕರೆಮಾಡಿ ಶಾಲೆಯ ಗುರುತು ಹೇಳುವವರು ಯಾರು, ಪೆಟ್ಟಿಗೆ ತರುವವರು ಯಾರು, ಗೇಟು ತೆರೆದು ವಾಹನಕ್ಕೆ ದಾರಿ ತೋರಿಸುವವರು ಯಾರು, ಉಳಿದ ಮಕ್ಕಳನ್ನು ಆಚೆಗೆ ಕರೆದೊಯ್ಯುವವರು ಯಾರು ಎಂದು ಗೊತ್ತುಮಾಡಲಾಗಿತ್ತು. ಆ ದಿನದ ಲೆಕ್ಕ 1 ನಿಮಿಷ 50 ಸೆಕೆಂಡು. ಒಂದು ರೂಪಾಯಿಯೂ ಖರ್ಚಾಗಿರಲಿಲ್ಲ. ಯಂತ್ರವನ್ನು ಕೊಳ್ಳುವ ಶಾಲೆಯೂ ಮೊದಲು ಈ ಪರೀಕ್ಷೆಯನ್ನು ಮಾಡುವುದು ಮೇಲು. ಬೀಗದೊಳಗಿನ ಯಂತ್ರವು ಯಂತ್ರವೇ ಅಲ್ಲ.

ಕಲಿಸುವುದಕ್ಕೂ ಹೆಚ್ಚಿನ ಸಾಮಗ್ರಿ ಬೇಡ. ಇಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ತರಬೇತಿಯ ಬೊಂಬೆಯನ್ನು 1960ರಲ್ಲಿ ರೂಪಿಸಿದವರು ನಾರ್ವೆಯ ಆಟಿಕೆ ತಯಾರಕ ಆಸ್ಮಂಡ್ ಲೇರ್ಡಾಲ್. ಮರುವರ್ಷವೇ ಆ ದೇಶದ ಶಾಲೆಗಳಲ್ಲಿ ಈ ಪಾಠವು ಆರಂಭವಾಯಿತು. 12ನೆಯ ವಯಸ್ಸಿನಿಂದ ವರ್ಷಕ್ಕೆ ಎರಡು ಗಂಟೆಯ ಪಾಠವು ಸಾಕೆಂಬ ಸಲಹೆಯನ್ನು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅನುಮೋದಿಸಿತು. ಬೊಂಬೆಯಿಲ್ಲದ ಶಾಲೆಯಲ್ಲಿ, ಬಲ್ಲವರ ಮೇಲ್ವಿಚಾರಣೆಯಲ್ಲಿ, ಗಟ್ಟಿಯಾಗಿ ತುಂಬಿದ ದಿಂಬಿನಿಂದಲೂ ಲಯವನ್ನು ಕಲಿಯಬಹುದು. ಹದಿಮೂರು ಹದಿನಾಲ್ಕು ವರ್ಷದ ಮಕ್ಕಳು ದೊಡ್ಡವರಂತೆಯೇ ಒತ್ತಬಲ್ಲರು.

ಎಲ್ಲ ಸಿದ್ಧತೆಯಿದ್ದರೂ ಎಲ್ಲರನ್ನೂ ಉಳಿಸಿಕೊಳ್ಳಲಾಗದೆಂಬುದನ್ನು ಒಪ್ಪಬೇಕು. ಆದರೆ ದಾರಿಯ 12 ಕಿಲೋಮೀಟರನ್ನು ನಾವು ಕಿರಿದುಮಾಡಲಾರೆವು. ಕಪಾಟಿನ ಬೀಗವನ್ನು ತೆಗೆಯಬಲ್ಲೆವು. ನಾಳೆ ಪ್ರಾರ್ಥನೆಯ ಗಂಟೆ ಬಾರಿಸಿದಾಗ ನಿಮ್ಮ ಊರಿನ ಶಾಲೆಯ ಉಪಾಧ್ಯಾಯರನ್ನು ಒಂದು ಪ್ರಶ್ನೆ ಕೇಳಿರಿ: ಇಲ್ಲಿ ಒಬ್ಬ ಮಗುವು ಬಿದ್ದರೆ ಮೊದಲು ಮಂಡಿಯೂರುವವರು ಯಾರು? ಉತ್ತರವು ತಡವಾದರೆ, ಗಡಿಯಾರದ ಪರೀಕ್ಷೆಯನ್ನು ಅಂದೇ ಆರಂಭಿಸುವುದು ಒಳ್ಳೆಯದು.