ಡ್ಯಾಶ್‌ಬೋರ್ಡ್ ನೋಡುವವರು ಎಷ್ಟು ಜನ? ಲೈಸೆನ್ಸ್ ಕೊಳ್ಳುವ ಮುನ್ನ ಎಣಿಸಿಕೊಳ್ಳಿ

ಗಂಗಾವತಿ, ಕಾರಟಗಿ ಭಾಗದ ರೈಸ್ ಮಿಲ್ಲೊಂದರ ದಿನದ ಲೆಕ್ಕ ಸಣ್ಣದಲ್ಲ. 75 ಕೆ.ಜಿ. ಚೀಲದ ಭತ್ತದ ಆವಕ, ಅಕ್ಕಿಯ ಇಳುವರಿ, ನುಚ್ಚು, ತೌಡು, ವ್ಯಾಪಾರಿಗಳ ಬಾಕಿ ಎಲ್ಲವೂ ಟ್ಯಾಲಿಯಲ್ಲೋ ಎಕ್ಸೆಲ್‌ನಲ್ಲೋ ಇರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋಯಿತು. ಕಾಲುವೆ ನೀರನ್ನೇ ನೆಚ್ಚಿದ ವ್ಯಾಪಾರದಲ್ಲಿ ಹಿಂದಿನ ಹಂಗಾಮನ್ನು ಈ ಹಂಗಾಮಿನ ಪಕ್ಕದಲ್ಲಿಟ್ಟು ನೋಡುವುದು ಎಷ್ಟು ಅಗತ್ಯವೆಂದು ಆಮೇಲೆ ಯಾರಿಗೂ ಹೇಳಿಕೊಡಬೇಕಿಲ್ಲ. ಇಂಥ ಅಂಕಿಗಳನ್ನು ಒಂದೇ ಪರದೆಯ ಡ್ಯಾಶ್‌ಬೋರ್ಡ್‌ನಲ್ಲಿ ತೋರಿಸುವ ಮೈಕ್ರೋಸಾಫ್ಟ್‌ನ ಪವರ್ ಬಿಐನಂಥ ತಂತ್ರಾಂಶ ಇರುವುದು ಇದಕ್ಕಾಗಿಯೇ.

ಇದರ ಡೆಸ್ಕ್‌ಟಾಪ್ ಆವೃತ್ತಿ ಉಚಿತ. ವಿಂಡೋಸ್ ಕಂಪ್ಯೂಟರಿನಲ್ಲಿ ಹಾಕಿಕೊಂಡು ಎಷ್ಟು ಬೇಕಾದರೂ ವರದಿ ತಯಾರಿಸಬಹುದು. ಖರ್ಚು ಶುರುವಾಗುವುದು ಅದನ್ನು ಇನ್ನೊಬ್ಬರಿಗೆ ತೋರಿಸಲು ಹೋದಾಗ. ಅದಕ್ಕೇ ಮೊದಲು ಮಾಡಬೇಕಾದ ಕೆಲಸ ಕಂಪ್ಯೂಟರಿನದ್ದಲ್ಲ, ಹಾಳೆ-ಪೆನ್ನಿನದ್ದು.

ಹಾಳೆಯಲ್ಲಿ ಮೂರು ಸಾಲು ಬರೆಯಿರಿ. ವರದಿ ತಯಾರಿಸುವವರು ಯಾರು? ದಿನವೂ ಮೊಬೈಲಿನಲ್ಲಿ ತೆರೆದು, ಊರು, ತಳಿ, ತಿಂಗಳು ಆಯ್ದು ನೋಡುವವರು ಯಾರು? ವಾರಕ್ಕೊಮ್ಮೆ ಒಟ್ಟು ಅಂಕಿ ಸಿಕ್ಕರೆ ಸಾಕೆನ್ನುವವರು ಯಾರು? ಮೂರನೆಯ ಸಾಲಿನವರಿಗೆ ಲೈಸೆನ್ಸ್ ಬೇಡ. ಡೆಸ್ಕ್‌ಟಾಪಿನಿಂದಲೇ ಪಿಡಿಎಫ್ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರಾಯಿತು. ಇಷ್ಟರಿಂದಲೇ ಅರ್ಧ ಪಟ್ಟಿ ಕರಗುವುದುಂಟು.

ಉಳಿದವರಿಗೆ ದರದ ಲೆಕ್ಕ ಹೀಗಿದೆ. ಪವರ್ ಬಿಐ ಪ್ರೊ ಲೈಸೆನ್ಸಿಗೆ 2025ರ ಏಪ್ರಿಲ್‌ನಿಂದ ತಲೆಗೆ ತಿಂಗಳಿಗೆ 14 ಡಾಲರ್ (ಮೊದಲು 10 ಇತ್ತು). ಅದರ ಮೇಲಿನ ‘ಪ್ರೀಮಿಯಂ ಪರ್ ಯೂಸರ್’ಗೆ 24 ಡಾಲರ್. ಬಹಳ ಜನ ಎಡವುವುದು ಇಲ್ಲಿಯೇ: ಪ್ರೊ ಹಂತದಲ್ಲಿ ಕಳಿಸುವವರಿಗಷ್ಟೇ ಅಲ್ಲ, ನೋಡುವವರಿಗೂ ಲೈಸೆನ್ಸ್ ಬೇಕು. ವರದಿ ಮಾಡುವ ಒಬ್ಬರು, ನೋಡುವ ನಾಲ್ವರು ಪಾಲುದಾರರು ಇದ್ದರೆ ಐದು ಲೈಸೆನ್ಸ್, ಅಂದರೆ ತಿಂಗಳಿಗೆ 70 ಡಾಲರ್. ತೆರಿಗೆ ಬೇರೆ. ಪ್ರೊ ಹಂತದಲ್ಲಿ ದಿನಕ್ಕೆ 8 ಸಲ ಮಾಹಿತಿ ತಾನಾಗಿ ಹೊಸದಾಗುವಂತೆ ಮಾಡಬಹುದು, ಪ್ರೀಮಿಯಂನಲ್ಲಿ 48 ಸಲ. ಸಂಜೆಗೊಮ್ಮೆ ಲೆಕ್ಕ ಮುಗಿಸುವ ಮಿಲ್ಲಿಗೆ 8 ಧಾರಾಳ.

ನೋಡುವವರಿಗೆ ಹಣ ಕೊಟ್ಟು ಲೈಸೆನ್ಸ್ ಕೊಳ್ಳಬೇಕಿಲ್ಲದ ವ್ಯವಸ್ಥೆಯೂ ಇದೆ. ಅದಕ್ಕೆ ಎಫ್64 ಅಥವಾ ಅದಕ್ಕೂ ದೊಡ್ಡ ‘ಫ್ಯಾಬ್ರಿಕ್ ಕೆಪ್ಯಾಸಿಟಿ’ (ಸಂಸ್ಥೆಗೆಂದೇ ಕಾದಿರಿಸಿದ ಮೈಕ್ರೋಸಾಫ್ಟ್‌ನ ಸರ್ವರ್ ಸಾಮರ್ಥ್ಯ) ಕೊಳ್ಳಬೇಕು. ವರ್ಷದ ಕರಾರಿನಲ್ಲೂ ತಿಂಗಳಿಗೆ ಸುಮಾರು 5,000 ಡಾಲರ್ ಬೀಳುತ್ತದೆ. 14ರಿಂದ ಭಾಗಿಸಿ ನೋಡಿ: ನೋಡುವವರು ಮುನ್ನೂರೈವತ್ತು ದಾಟದೆ ಇದು ಗಿಟ್ಟುವುದಿಲ್ಲ. ಕೊಪ್ಪಳ–ಗಿಣಿಗೇರಿ ಸುತ್ತಲಿನ ದೊಡ್ಡ ಉಕ್ಕಿನ ಕಾರ್ಖಾನೆಗಳು ಯೋಚಿಸಬಹುದು, ಮಿಲ್ಲುಗಳಿಗೆ ಸಲ್ಲದು.

ಕುಷ್ಟಗಿ, ಯಲಬುರ್ಗಾ ಕಡೆಯ ರೈತ ಉತ್ಪಾದಕ ಕಂಪನಿಗಳಿಗೆ ನನ್ನ ಸಲಹೆ ಬೇರೆ. ಕಾನೂನಿನಂತೆ ಅಲ್ಲಿ 5ರಿಂದ 15 ನಿರ್ದೇಶಕರು ಇರುತ್ತಾರೆ. ಎಲ್ಲರಿಗೂ ಪ್ರೊ ಕೊಡಿಸಿದರೆ ತಿಂಗಳಿಗೆ 70ರಿಂದ 210 ಡಾಲರ್. ಮಳೆ ನೆಚ್ಚಿದ ಬೆಳೆಗಾರರ ಹಣ ಅಷ್ಟು ಹಗುರಾಗಿ ಹೋಗಬಾರದು. ಗೂಗಲ್ ಶೀಟ್ಸ್‌ನಲ್ಲಿ ಲೆಕ್ಕ ಇಟ್ಟು ಲುಕರ್ ಸ್ಟುಡಿಯೋದಲ್ಲಿ (2022ರವರೆಗೆ ಡೇಟಾ ಸ್ಟುಡಿಯೋ ಎನ್ನುತ್ತಿದ್ದರು) ಡ್ಯಾಶ್‌ಬೋರ್ಡ್ ಮಾಡಿದರೆ ಅದು ಉಚಿತ, ನೀವು ಹಂಚಿಕೊಂಡರೆ ಜಿಮೇಲ್ ಇದ್ದವರೆಲ್ಲ ನೋಡಬಹುದು.

ಪವರ್ ಬಿಐಗೆ ಜಿಮೇಲ್ ನಡೆಯುವುದಿಲ್ಲ. ಸಂಸ್ಥೆಯ ಹೆಸರಿನ ಇಮೇಲ್ ಬೇಕು. ಅದನ್ನು ಮಾಡಿಸಿಕೊಂಡ ಮೇಲೆ ವರದಿಯನ್ನು ‘ಮೈ ವರ್ಕ್‌ಸ್ಪೇಸ್’ನಲ್ಲಿ ಇಡದೆ ಪ್ರತ್ಯೇಕ ವರ್ಕ್‌ಸ್ಪೇಸ್ ತೆರೆದು ಅಲ್ಲಿಡಿ. ಪಾಲುದಾರರನ್ನು ‘ವ್ಯೂವರ್’ ಎಂದೇ ಸೇರಿಸಿ. ಒಂದೊಂದು ಶಾಖೆಯವರಿಗೆ ಅವರವರ ಲೆಕ್ಕವಷ್ಟೇ ಕಾಣುವಂತೆ ‘ರೋ ಲೆವೆಲ್ ಸೆಕ್ಯುರಿಟಿ’ ಹಾಕಬಹುದು, ಆದರೆ ಅದು ಕಟ್ಟಿಹಾಕುವುದು ವ್ಯೂವರ್‌ಗಳನ್ನು ಮಾತ್ರ. ತಿದ್ದುವ ಅಧಿಕಾರ ಕೊಟ್ಟವರಿಗೆ ಎಲ್ಲವೂ ಕಾಣುತ್ತದೆ. ಲಿಂಕ್ ಕಳಿಸುವಾಗ, ಪಡೆದವರು ಮತ್ತೊಬ್ಬರಿಗೆ ಹಂಚಲು ಬಿಡುವ ಆಯ್ಕೆಯ ಗುರುತು ತೆಗೆಯಿರಿ. ಎಕ್ಸೆಲ್ ಫೈಲು ಒನ್‌ಡ್ರೈವ್‌ನಲ್ಲಿದ್ದರೆ ಮಾಹಿತಿ ತಾನೇ ಹೊಸದಾಗುವಂತೆ ಮಾಡಬಹುದು. ಮಿಲ್ಲಿನ ಕಂಪ್ಯೂಟರಿನಲ್ಲೇ ಇದ್ದರೆ ಅದನ್ನು ಪವರ್ ಬಿಐಗೆ ಜೋಡಿಸುವ ‘ಗೇಟ್‌ವೇ’ ತಂತ್ರಾಂಶ ಹಾಕಿಕೊಂಡು, ಆ ಯಂತ್ರವನ್ನು ಆರಿಸದೆ ಇಡಬೇಕು. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಊರು, ರೈತರ ಹೆಸರುಗಳು ವರದಿಯಲ್ಲಿ ಕಲಸುಮೇಲೋಗರವಾಗಿ ಬರುತ್ತವೆ. ಮೊದಲೇ ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಲೈಸೆನ್ಸ್ ಉಳಿಸಲೆಂದು ಹಿಡಿಯುವ ಎರಡು ಅಡ್ಡದಾರಿಗಳ ಬಗ್ಗೆ ಒತ್ತಿ ಹೇಳಲೇಬೇಕು. ‘ಪಬ್ಲಿಷ್ ಟು ವೆಬ್’ ಒತ್ತಿದರೆ ವರದಿ ಇಡೀ ಜಗತ್ತಿಗೆ ತೆರೆದಂತೆ. ಲಿಂಕ್ ಸಿಕ್ಕ ಯಾರಾದರೂ ಪಾಸ್‌ವರ್ಡ್ ಇಲ್ಲದೆ ನೋಡಬಹುದು. ಯಾವ ರೈತರಿಗೆ ಎಷ್ಟು ಕೊಡಬೇಕು, ಯಾವ ವ್ಯಾಪಾರಿ ಎಷ್ಟು ಉಳಿಸಿಕೊಂಡಿದ್ದಾನೆ ಎಂಬ ಲೆಕ್ಕವನ್ನು ಅಲ್ಲಿ ಇಡಲೇಬೇಡಿ. ಇನ್ನೊಂದು, ಡೆಸ್ಕ್‌ಟಾಪ್ ಫೈಲನ್ನೇ ಪೆನ್‌ಡ್ರೈವ್‌ನಲ್ಲಿ ಕೊಡುವುದು. ಚಿತ್ರದ ಜೊತೆಗೆ ಅದರೊಳಗೆ ತುಂಬಿಕೊಂಡ ಲೆಕ್ಕವೆಲ್ಲ ಹೋಗುತ್ತದೆ.

ಪವರ್ ಬಿಐಗೆ 60 ದಿನಗಳ ಉಚಿತ ಪರೀಕ್ಷಾ ಅವಧಿ ಇದೆ, ಅದನ್ನು ಪಡೆದವರಿಗೆ ಅಷ್ಟು ದಿನ ವರದಿ ಕಾಣುತ್ತದೆ. ಅದು ಮುಗಿದ ದಿನ, ಲೈಸೆನ್ಸ್ ಇಲ್ಲದ ಪಾಲುದಾರರ ಮೊಬೈಲಿನಲ್ಲಿ ವರದಿ ತೆರೆಯುವುದಿಲ್ಲ. ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ. ನಿಮ್ಮ ಆಡಿಟರ್ ಬಳಿ ಅವರ ಕಚೇರಿಯದ್ದೇ ಪ್ರೊ ಇದ್ದರೆ ಅತಿಥಿಯಾಗಿ ಸೇರಿಸಿಕೊಳ್ಳಿ, ಮತ್ತೊಂದು ಲೈಸೆನ್ಸ್ ಕೊಳ್ಳಬೇಕಿಲ್ಲ. ಗುಮಾಸ್ತರು ಕೆಲಸ ಬಿಟ್ಟರೆ ಅಂದೇ ವರ್ಕ್‌ಸ್ಪೇಸ್‌ನಿಂದ ಹೆಸರು ತೆಗೆದು, ಆ ಲೈಸೆನ್ಸನ್ನು ಹೊಸಬರಿಗೆ ವರ್ಗಾಯಿಸಿ. ವರ್ಕ್‌ಸ್ಪೇಸ್‌ನ ‘ಅಡ್ಮಿನ್’ ಅಧಿಕಾರ ಮಾತ್ರ ಯಾವಾಗಲೂ ಇಬ್ಬರ ಹೆಸರಿನಲ್ಲಿರಲಿ, ಅವರಲ್ಲಿ ಒಬ್ಬರು ಮಾಲೀಕರಾಗಿರಲಿ.