ಗ್ರಂಥಪಾಲಕನ ಪಾಠಶಾಲೆ

ಮಾಗಡಿ ತಾಲ್ಲೂಕಿನಲ್ಲಿ ತಿಪ್ಪಸಂದ್ರವೆಂಬುದು ಒಂದು ಹೋಬಳಿಯ ಊರು. ಇಂಥ ಊರಿನ ಸುತ್ತಮುತ್ತ ರಾಗಿ ಬೆಳೆಯುವ ರೈತರಿದ್ದಾರೆ, ಶಾಲೆಗೆ ಹೋಗುವ ಮಕ್ಕಳಿದ್ದಾರೆ, ಅಕ್ಷರವನ್ನರಿಯದ ಹಿರಿಯರೂ ಇದ್ದಾರೆ. ಇಲ್ಲಿ ಗ್ರಂಥಪಾಲಕನಾಗಬಯಸುವ ವಿದ್ಯಾರ್ಥಿಯು ಏನನ್ನು ಕಲಿತಿರಬೇಕು? ಪುಸ್ತಕಗಳನ್ನು ವಿಷಯಾನುಸಾರವಾಗಿ ವಿಂಗಡಿಸುವುದನ್ನೂ ಅವುಗಳ ಸೂಚಿಯನ್ನು ಸಿದ್ಧಪಡಿಸುವುದನ್ನೂ ಆತನು ತರಗತಿಯಲ್ಲಿ ಕಲಿಯಬಹುದು. ಆದರೆ ಯಾರಿಗೆ ಯಾವ ಪುಸ್ತಕ ಬೇಕೆಂಬುದನ್ನು ಕಲಿಯುವುದು ಎಲ್ಲಿ? ಡಾ. ಎಸ್. ಆರ್. ರಂಗನಾಥನ್ ಅವರ ಜೀವನವು ಈ ಪ್ರಶ್ನೆಗೆ ತಕ್ಕ ಉತ್ತರವಾಗಿದೆ.

ಶಿಯಾಳಿ ರಾಮಾಮೃತ ರಂಗನಾಥನ್ ಅವರು 1892ರಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನಿಸಿದರು. ಗಣಿತವು ಅವರಿಗೆ ಪ್ರಿಯವಾದ ವಿಷಯ. ಅಧ್ಯಾಪನವು ಅವರು ಮೆಚ್ಚಿದ ವೃತ್ತಿ. 1924ರ ಜನವರಿಯಲ್ಲಿ ಅವರು ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ವಿದ್ಯಾರ್ಥಿಗಳಿಂದ ತುಂಬಿದ ತರಗತಿಯಿಂದ ಬಂದವರಿಗೆ ಆ ಗ್ರಂಥಾಲಯದ ನಿಶ್ಶಬ್ದವು ಅಸಹನೀಯವೆನಿಸಿತು. ಕಪಾಟುಗಳಲ್ಲಿ ಪುಸ್ತಕಗಳಿದ್ದವು; ಬಂದು ಓದುವವರು ವಿರಳವಾಗಿದ್ದರು. ಕೆಲವೇ ದಿನಗಳಲ್ಲಿ ಬೇಸತ್ತ ರಂಗನಾಥನ್ ಅವರು ತಮ್ಮ ಹಿಂದಿನ ಕಾಲೇಜಿನ ಪ್ರಾಂಶುಪಾಲರ ಬಳಿಗೆ ಹೋಗಿ, ತಮ್ಮನ್ನು ಮರಳಿ ಅಧ್ಯಾಪಕರನ್ನಾಗಿ ಮಾಡಿಕೊಳ್ಳಬೇಕೆಂದು ಬೇಡಿಕೊಂಡರು. ಮೊದಲು ಇಂಗ್ಲೆಂಡಿಗೆ ಹೋಗಿ ಗ್ರಂಥಾಲಯ ಶಾಸ್ತ್ರವನ್ನು ಕಲಿತು ಬರಬೇಕು, ಆಮೇಲೂ ಮನಸ್ಸು ಒಗ್ಗದಿದ್ದರೆ ಕಾಲೇಜಿಗೆ ಹಿಂದಿರುಗಬಹುದು ಎಂಬ ಒಪ್ಪಂದವಾಯಿತು.

ಹೀಗೆ ಮೂವತ್ತೆರಡನೆಯ ವಯಸ್ಸಿನಲ್ಲಿ ಗಣಿತದ ಅಧ್ಯಾಪಕರು ಲಂಡನ್ನಿನಲ್ಲಿ ವಿದ್ಯಾರ್ಥಿಯಾದರು. ಅವರಿಗೆ ಗುರುಗಳಾಗಿ ದೊರೆತ ಬರ್ವಿಕ್ ಸೇಯರ್ಸ್ ಅವರು ಕ್ರಾಯ್ಡನ್ ನಗರದ ಸಾರ್ವಜನಿಕ ಗ್ರಂಥಾಲಯಗಳ ಮುಖ್ಯಸ್ಥರು. ರಂಗನಾಥನ್ ಅವರು ತರಗತಿಯ ಪಾಠಕ್ಕೆ ತೃಪ್ತರಾಗದೆ ಸುಮಾರು ನೂರು ಗ್ರಂಥಾಲಯಗಳನ್ನು ಸಂದರ್ಶಿಸಿದರು. ಅಲ್ಲಿ ಮಕ್ಕಳೂ ಸ್ತ್ರೀಯರೂ ಕಾರ್ಮಿಕರೂ ಪುಸ್ತಕಗಳನ್ನು ಬಳಸುತ್ತಿದ್ದುದನ್ನು ಕಂಡರು. ಊರಿನ ಜನ ಕೊಟ್ಟ ತೆರಿಗೆಯಿಂದಲೇ ಆ ಗ್ರಂಥಾಲಯಗಳು ನಡೆಯುತ್ತಿದ್ದವು. ಗ್ರಂಥಾಲಯವು ಕೇವಲ ಪಂಡಿತರ ಸೊತ್ತಲ್ಲ, ಸಮಸ್ತ ನಾಗರಿಕರ ಹಕ್ಕು ಎಂಬುದು ಅವರಿಗೆ ಆಗ ಮನದಟ್ಟಾಯಿತು.

1925ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೆ ಅವರು ಹಳೆಯ ಉದ್ಯೋಗವನ್ನು ಮತ್ತೆ ಕೇಳಲಿಲ್ಲ. ಓದುಗರು ತಾವೇ ಕಪಾಟಿನಿಂದ ಪುಸ್ತಕಗಳನ್ನು ಆರಿಸಿಕೊಳ್ಳುವಂತೆ ಮಾಡಿದರು. ಗ್ರಂಥಾಲಯವು ತೆರೆದಿರುವ ಅವಧಿಯನ್ನು ಹೆಚ್ಚಿಸಿದರು. ಗೋಡೆಗಳ ಒಳಗಿನ ಕೆಲಸವಷ್ಟೇ ಸಾಲದೆಂದು ಬಗೆದು, 1928ರಲ್ಲಿ ಮದರಾಸು ಗ್ರಂಥಾಲಯ ಸಂಘದ ಸ್ಥಾಪನೆಗೆ ಕಾರಣರಾದರು. ಮರುವರ್ಷವೇ ಆ ಸಂಘವು ಗ್ರಂಥಪಾಲಕರಿಗೆ ತರಬೇತಿಯನ್ನು ಆರಂಭಿಸಿತು. 1931ರಲ್ಲಿ ಅವರು ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ವಿವರಿಸುವ ಗ್ರಂಥವನ್ನು ಪ್ರಕಟಿಸಿದರು. ಪುಸ್ತಕವಿರುವುದು ಬಳಕೆಗಾಗಿ ಎಂಬ ಸರಳವಾದ ತತ್ತ್ವವೇ ಅದರ ತಳಹದಿ. ಹಳ್ಳಿಗರು, ಅಂಧರು, ಸೆರೆಯಾಳುಗಳು, ಆಸ್ಪತ್ರೆಯ ರೋಗಿಗಳು ಇವರೆಲ್ಲರಿಗೂ ಪುಸ್ತಕವು ದೊರೆಯಬೇಕೆಂದು ಅವರು ವಾದಿಸಿದರು.

ಅದೇ ವರ್ಷ ಮನ್ನಾರ್‌ಗುಡಿಯಲ್ಲಿ ಪುಸ್ತಕಗಳನ್ನು ಹೊತ್ತ ಎತ್ತಿನ ಗಾಡಿಯೊಂದು ಹಳ್ಳಿಗಳತ್ತ ಹೊರಟಿತು. ಕನಕಸಭೈ ಪಿಳ್ಳೆ ಎಂಬ ಎಂಜಿನಿಯರರು ಈ ಸಂಚಾರಿ ಗ್ರಂಥಾಲಯವನ್ನು ರೂಪಿಸಿದ್ದರು. ಓದುಗನು ಬರಲಾರದಿದ್ದರೆ ಪುಸ್ತಕವೇ ಅವನಿದ್ದಲ್ಲಿಗೆ ಹೋಗಬೇಕೆಂಬ ಭಾವನೆಯು ಹೀಗೆ ಕಾರ್ಯರೂಪಕ್ಕೆ ಬಂದಿತು.

ಗ್ರಂಥಾಲಯಗಳು ದಾನಿಗಳ ಔದಾರ್ಯವೊಂದನ್ನೇ ನೆಚ್ಚಿಕೊಂಡು ಬಾಳಲಾರವು. ಅವುಗಳಿಗೆ ಶಾಸನದ ಬಲ ಬೇಕೆಂದು ರಂಗನಾಥನ್ ಅವರು ಹಲವು ವರ್ಷ ಶ್ರಮಿಸಿದರು. 1948ರಲ್ಲಿ ಮದರಾಸು ಪ್ರಾಂತ್ಯದಲ್ಲಿ ಸಾರ್ವಜನಿಕ ಗ್ರಂಥಾಲಯ ಶಾಸನವು ಅಂಗೀಕೃತವಾಯಿತು. 1957ರಲ್ಲಿ ಅವರು ಬೆಂಗಳೂರಿನಲ್ಲಿ ನೆಲೆಸಿದರು. 1962ರಲ್ಲಿ ಅವರ ನೇತೃತ್ವದಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವು ಆರಂಭವಾಯಿತು. ನಮ್ಮ ರಾಜ್ಯವೂ 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಶಾಸನವನ್ನು ಪಡೆಯಿತು. ಜನರು ಸ್ಥಳೀಯ ಸಂಸ್ಥೆಗಳಿಗೆ ಸಲ್ಲಿಸುವ ಗ್ರಂಥಾಲಯ ಕರವು ಅದರ ಆಧಾರ. 1972ರಲ್ಲಿ ರಂಗನಾಥನ್ ಅವರು ಬೆಂಗಳೂರಿನಲ್ಲೇ ನಿಧನರಾದರು.

2019ರಲ್ಲಿ ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದ್ದಾಗ, ‘ಓದುವ ಬೆಳಕು’ ಎಂಬ ಕಾರ್ಯಕ್ರಮದ ಮೂಲಕ ಹಳ್ಳಿಯ ಮಕ್ಕಳನ್ನು ಶುಲ್ಕವಿಲ್ಲದೆ ಈ ಗ್ರಂಥಾಲಯಗಳ ಸದಸ್ಯರನ್ನಾಗಿ ಮಾಡಿಕೊಳ್ಳಲಾಯಿತು. ಶಾಲೆಯ ಬಾಗಿಲು ಮುಚ್ಚಿದಾಗ ಓದಿನ ಬಾಗಿಲು ತೆರೆದಿರಬೇಕಾದುದು ಎಷ್ಟು ಅಗತ್ಯವೆಂಬುದನ್ನು ಆ ದಿನಗಳು ತೋರಿಸಿಕೊಟ್ಟವು.

ತಿಪ್ಪಸಂದ್ರದಂಥ ಊರಿನ ಗ್ರಂಥಾಲಯ ಶಾಸ್ತ್ರದ ವಿದ್ಯಾರ್ಥಿಗೆ ಆ ಊರೇ ಎರಡನೆಯ ಪಾಠಶಾಲೆ. ಬೆಳೆಗೆ ತಗುಲಿದ ರೋಗದ ವಿಚಾರವನ್ನು ತಿಳಿಯಬಯಸುವ ರೈತ, ಪರೀಕ್ಷೆಗೆ ಓದುವ ತರುಣಿ, ಅರ್ಜಿಯನ್ನು ಓದಿಸಿಕೊಳ್ಳಲು ಬರುವ ವೃದ್ಧ ಇವರೇ ಅಲ್ಲಿನ ಗುರುಗಳು. ಇವರ ಪ್ರಶ್ನೆಗಳಿಗೆ ಕಿವಿಗೊಡುವವನು ದಿನದಿನವೂ ತನ್ನ ವೃತ್ತಿಯಲ್ಲಿ ಬೆಳೆಯುತ್ತಾನೆ. ಬರಿದಾದ ವಾಚನಾಲಯದಲ್ಲಿ ಬೇಸತ್ತಿದ್ದ ಗಣಿತಜ್ಞರನ್ನು ಲೋಕವೇ ಮೆಚ್ಚುವ ಗ್ರಂಥಪಾಲಕರನ್ನಾಗಿ ಮಾಡಿದುದು ಈ ಜನಸಂಪರ್ಕವೇ ಅಲ್ಲವೇ?