ಹದಿನಾರನೆಯವಳು ಸೆರಹ: ವಂಶಾವಳಿಯನ್ನು ಆಧಾರವಾಗಿ ಓದಿಸುವ ಒಂದು ಪಾಠ

ಇತಿಹಾಸದ ಸಾಹಿತ್ಯಿಕ ಆಧಾರಗಳನ್ನು ಬೋಧಿಸುವಾಗ ವಂಶಾವಳಿಗಳನ್ನು ನಾವು ಸಾಮಾನ್ಯವಾಗಿ ಹೆಸರಿಸಿ ಮುಂದೆ ಹೋಗುತ್ತೇವೆ. ಬರೀ ಹೆಸರುಗಳಲ್ಲಿ ಕಲಿಸಲು ಏನಿದೆ ಎಂಬ ಭಾವನೆ ಇದಕ್ಕೆ ಕಾರಣ. ಅಭ್ಯಾಸ ಬೋಧನೆಯಲ್ಲಿ 8ನೇ ತರಗತಿಗೆ ನಾನು ಅಂಥದೇ ಒಂದು ಪಟ್ಟಿಯನ್ನು ಆರಿಸಿಕೊಂಡೆ: ಹೀಬ್ರೂ ಧರ್ಮಗ್ರಂಥದ ಆದಿಕಾಂಡ, 46ನೇ ಅಧ್ಯಾಯ. ಬರಗಾಲದಲ್ಲಿ ಯಾಕೋಬನು ಕಾನಾನಿನಿಂದ ಈಜಿಪ್ಟಿಗೆ ಹೊರಟಾಗ ಅವನ ಮನೆತನದಲ್ಲಿ ಯಾರಿದ್ದರು ಎಂಬ ವಿವರ ಅಲ್ಲಿದೆ. ಒಂದು ಆಧಾರ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ಮಕ್ಕಳೇ ಗುರುತಿಸಬೇಕು ಎಂಬುದು ಪಾಠದ ಉದ್ದೇಶ.

ಚಟುವಟಿಕೆ 1: ಎಣಿಸುವುದು

ಜಿಲ್ಪಳ ಸಂತತಿಯ ಭಾಗವನ್ನಷ್ಟೇ ಹಲಗೆಯ ಮೇಲೆ ಬರೆದೆ. ಗಾದ ಮತ್ತು ಅವನ ಏಳು ಗಂಡುಮಕ್ಕಳು; ಆಶೇರ, ಅವನ ನಾಲ್ಕು ಗಂಡುಮಕ್ಕಳು, ಅವರ ಸಹೋದರಿ ಸೆರಹ, ಇಬ್ಬರು ಮೊಮ್ಮಕ್ಕಳು. ಗಂಡಸರನ್ನು ಮಾತ್ರ ಎಣಿಸಲು ಹೇಳಿದೆ. 15 ಬಂತು. ನಂತರ ಗ್ರಂಥ ಕೊಡುವ ಮೊತ್ತವನ್ನು ಬರೆದೆ: 16. ತರಗತಿ ಮತ್ತೆ ಎಣಿಸಿತು. “ಸೆರಹಳನ್ನು ಸೇರಿಸಿದರೆ ಸರಿಹೋಗುತ್ತೆ ಟೀಚರ್” ಎಂದು ಒಬ್ಬ ಹುಡುಗಿ ಹೇಳಿದಳು. ಅವಳಿಲ್ಲದೆ ಲೆಕ್ಕ ಕೂಡುವುದಿಲ್ಲ.

ಚಟುವಟಿಕೆ 2: ಇಲ್ಲದವರನ್ನು ಹುಡುಕುವುದು

ಅದೇ ಅಧ್ಯಾಯದ 7ನೇ ವಚನದ ಪ್ರಕಾರ ಯಾಕೋಬನ ಹೆಣ್ಣುಮಕ್ಕಳೂ ಗಂಡುಮಕ್ಕಳ ಹೆಣ್ಣುಮಕ್ಕಳೂ ಜೊತೆಗೆ ಹೋದರು. ಆದರೆ ಮಗಳಾಗಿ ದೀನಾ, ಮೊಮ್ಮಗಳಾಗಿ ಸೆರಹ, ಈ ಇಬ್ಬರ ಹೆಸರು ಮಾತ್ರ ಸಿಗುತ್ತವೆ. “ಉಳಿದವರ ಹೆಸರು ಯಾಕೆ ಬರೀಲಿಲ್ಲ?” ಎಂಬ ಪ್ರಶ್ನೆ ತಾನಾಗಿಯೇ ಬಂತು. ಉತ್ತರಿಸುವ ಬದಲು, ಇಂಥ ಪಟ್ಟಿ ಯಾವ ಕೆಲಸಕ್ಕೆ ಬೇಕಾಗಿತ್ತು ಎಂದು ಕೇಳಿದೆ. ಅರಣ್ಯಕಾಂಡದ 26ನೇ ಅಧ್ಯಾಯವನ್ನು ಹೋಲಿಕೆಗೆ ಕೊಟ್ಟೆ. ಅದು ಯುದ್ಧಕ್ಕೆ ಹೋಗಬಲ್ಲ, 20 ವರ್ಷ ದಾಟಿದ ಗಂಡಸರ ಎಣಿಕೆ. ಆಶೇರನ ಕುಲಕ್ಕೆ 53,400. ಆ ಎಣಿಕೆಗೆ ಸೇರದ ಸೆರಹಳ ಹೆಸರು ಅಲ್ಲೂ ಇದೆ. ಪೂರ್ವಕಾಲವೃತ್ತಾಂತದ ಮೊದಲ ಭಾಗದ ವಂಶಾವಳಿಯಲ್ಲಿ ಮತ್ತೊಮ್ಮೆ ಬರುತ್ತದೆ. ಗಂಡ, ಮಕ್ಕಳು, ಮಾಡಿದ ಕೆಲಸ, ಯಾವುದೂ ಎಲ್ಲಿಯೂ ಇಲ್ಲ.

ಚಟುವಟಿಕೆ 3: ಮೂರು ಕಾಲಂ

“ಆಧಾರ ಹೇಳುವುದು”, “ನಾವು ಊಹಿಸಬಹುದಾದದ್ದು”, “ನಂತರದವರು ಸೇರಿಸಿದ್ದು” ಎಂಬ ಮೂರು ಕಾಲಂ ಹಾಕಿಸಿದೆ. ತಲೆಮಾರುಗಳ ಅಂತರವಿರುವ ಎರಡು ಪಟ್ಟಿಗಳಲ್ಲೂ ಹೆಸರಿರುವುದನ್ನು ಕಂಡ ಯೆಹೂದಿ ಗುರುಗಳು, ಅವಳು ಬಹುಕಾಲ ಬದುಕಿದಳು ಎಂದು ಹೇಳಿದರು. ಯೋಸೇಫನ ಶವಪೆಟ್ಟಿಗೆ ಇರುವ ಜಾಗವನ್ನು ಮೋಶೆಗೆ ತೋರಿಸಿದವಳು ಅವಳೇ ಎಂಬ ಕಥೆ ತಾಲ್ಮೂದಿನಲ್ಲಿದೆ. ಮಕ್ಕಳು ಇದನ್ನು ಮೂರನೇ ಕಾಲಂಗೆ ಹಾಕಿದರು. ಕಥೆ ಹುಟ್ಟಿದ್ದು ಪಟ್ಟಿಯ ಮೌನದಿಂದ ಎಂಬುದನ್ನೂ ಗಮನಿಸಿದರು.

ಅವಲೋಕನ

ಈ ಪಾಠವನ್ನು ಕಥೆಯಿಂದ ಆರಂಭಿಸುವುದು ಸುಲಭ, ಮಕ್ಕಳ ಆಸಕ್ತಿಯೂ ಕೂಡಲೇ ಸಿಗುತ್ತದೆ. ಆದರೆ ಆಗ ಕಥೆಯೇ ಆಧಾರವೆಂದು ಅವರ ಮನಸ್ಸಿನಲ್ಲಿ ಉಳಿಯುತ್ತದೆ. ಪಟ್ಟಿಯಲ್ಲಿ ಇಲ್ಲದವರು ಇರಲೇ ಇಲ್ಲ ಎಂದುಕೊಳ್ಳುವುದೂ ಅಷ್ಟೇ ತಪ್ಪು. ಮೊದಲು ಎಣಿಕೆ, ಆಮೇಲೆ ಪ್ರಶ್ನೆ, ಕೊನೆಗೆ ಕಥೆ ಎಂಬ ಕ್ರಮ ಎರಡನ್ನೂ ತಡೆಯುತ್ತದೆ.

ಮೌಲ್ಯಮಾಪನಕ್ಕೆ ನಾನು ಕೊಟ್ಟದ್ದು ಒಂದೇ ಪ್ರಶ್ನೆ: ಹೆಸರಿಲ್ಲದ ಮೊಮ್ಮಗಳಂದಿರು ಇದ್ದರೆಂದು ಹೇಗೆ ಹೇಳುವಿರಿ? “7ನೇ ವಚನ ನೋಡಿ. ಹೋಗಿದ್ದರು, ಬರೆದಿಲ್ಲ” ಎಂದು ಒಬ್ಬ ವಿದ್ಯಾರ್ಥಿ ಬರೆದಿದ್ದ. ಶಾಸನವಿರಲಿ, ಜನಗಣತಿಯಿರಲಿ, ಯಾವ ಪಟ್ಟಿಯನ್ನು ಬೋಧಿಸುವಾಗಲೂ ಸಹಪ್ರಶಿಕ್ಷಣಾರ್ಥಿಗಳು ಈ ಪ್ರಶ್ನೆಯನ್ನು ಬಳಸಬಹುದು.